ಯಾರ ಬದು, ಯಾರ ಒಡಲು

ಪಕ್ಕದ ಮನೆಯ ನುಗ್ಗೆಮರದ ಕೊಂಬೆಯೊಂದು ನಮ್ಮ ಕಾಂಪೌಂಡಿನೊಳಗೆ ಇಣುಕಿದರೆ ಸಾಕು, ಅಂದು ನನಗೆ ಕಾಫಿ ರುಚಿಸುವುದಿಲ್ಲ. ಕಾಯಿ ಬಿಟ್ಟ ದಿನಗಳಲ್ಲಿ ಮಾತ್ರ ಈ ಕೋಪಕ್ಕೆ ತಾತ್ಕಾಲಿಕ ವಿರಾಮ. ಮಂಡ್ಯದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನಾನು ವ್ಯಕ್ತಿಸ್ವಾತಂತ್ರ್ಯದ ಪರಮ ಉಪಾಸಕಿ. ನನ್ನದು ನನ್ನದೇ, ಸರ್ಕಾರವೂ ಸಮಾಜವೂ ಗೇಟಿನಾಚೆ ನಿಲ್ಲಲಿ ಎಂಬ ಪಂಥದವಳು. ನಮ್ಮ ಸೀಮೆಯಲ್ಲಿ ಈ ಸಿದ್ಧಾಂತವನ್ನು ಯಾರಿಗೂ ಕಲಿಸಬೇಕಾಗಿಲ್ಲ, ನೋಡಿ. ಗದ್ದೆಯ ಬದುವನ್ನು ಒಂದು ಗೇಣು ಒತ್ತರಿಸಿದರೆ, ದುದ್ದದಿಂದ ಮಳವಳ್ಳಿಯವರೆಗೆ ಎಂಥ ಸಾಧುಪ್ರಾಣಿಯೂ ಗುದ್ದಲಿ ಹಿಡಿದ ತತ್ತ್ವಜ್ಞಾನಿಯಾಗುತ್ತಾನೆ.

ವಿಚಿತ್ರವೆಂದರೆ, ಇಷ್ಟೊಂದು ಎಲ್ಲೆಪ್ರಜ್ಞೆಯುಳ್ಳ ನಾವು ಹೆಣ್ಣಿನ ಹೊಟ್ಟೆಯ ವಿಷಯಕ್ಕೆ ಬಂದಾಗ ಎಲ್ಲೆಯನ್ನೇ ಮರೆಯುತ್ತೇವೆ. ನನಗೆ ಮದುವೆಯಾದ ಹೊಸತರಲ್ಲಿ, ಮದ್ದೂರಿನ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸೊಬ್ಬಳು, "ಏನವ್ವ, ಏನಾರಾ ಇಸೇಸನಾ?" ಎಂದು ನನ್ನ ಸೆರಗಿನತ್ತ ದಿಟ್ಟಿಸಿದ್ದಳು. ಉಪಾಸಕಿ ಹಲ್ಲು ಕಿರಿದು ಕಿಟಕಿಯಾಚೆ ನೋಡಿದಳು.

ಕಳೆದ ವರ್ಷ ನನ್ನ ತಂಗಿಯ ಮಗಳು ಸೌಮ್ಯ, ಮಳವಳ್ಳಿಯ ಅತ್ತೆಮನೆಯಿಂದ ಬಂದವಳು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ತಾನು ಮತ್ತೆ ಬಸುರಿಯೆಂದೂ ತನಗದು ಬೇಡವೆಂದೂ ಹೇಳಿದಳು. ಆಗಲೇ ಇಬ್ಬರು ಹೆಣ್ಣುಮಕ್ಕಳ ತಾಯಿ. ಅತ್ತೆಯ ಯೋಚನೆ ಬೇರೆ: ಇನ್ನೆರಡು ತಿಂಗಳು ತಡೆದು, ಎಲ್ಲೋ ಗುಟ್ಟಾಗಿ ನೋಡಿಸಿ, ಗಂಡಾದರೆ ಇರಲಿ, ಹೆಣ್ಣಾದರೆ ತೆಗೆಸುವುದು. ನಮ್ಮ ಜಿಲ್ಲೆಗೆ ಅಂಟಿದ ಈ ಕಳಂಕವನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೌಮ್ಯಳ ಗಂಡನೋ, ಅಮ್ಮ, ಹೆಂಡತಿ ಇಬ್ಬರ ಮಾತಿಗೂ ತಲೆಯಾಡಿಸುವ ಒಳ್ಳೆಯ ಮನುಷ್ಯ.

"ಗಂಡಾಗ್ಲಿ ಎಣ್ಣಾಗ್ಲಿ, ನಂಗೆ ಬ್ಯಾಡ ದೊಡ್ಡವ್ವ. ನೋಡ್ಸಾಕೆ ನಾನು ಓಗಾಕಿಲ್ಲ," ಎಂದಳು ಸೌಮ್ಯ.

ಏಕೆ ಬೇಡ ಎಂದು ನಾನು ಕೇಳಲಿಲ್ಲ. ಒಡಲು ಅವಳದು, ಕಾರಣವೂ ಅವಳದೇ. ಒಳಗಿರುವ ಜೀವದ ಮಾತೇನು ಎಂದರೆ ನಮ್ಮ ಸ್ವಾತಂತ್ರ್ಯಪಂಥದಲ್ಲೇ ಒಮ್ಮತವಿಲ್ಲ. ನನ್ನ ಮನಸ್ಸೂ ಅಲ್ಲಿ ಸ್ವಲ್ಪ ತಡವರಿಸುತ್ತದೆ. ಆದರೆ ಬೇಡವೆಂದವಳಿಂದ ಬಲವಂತವಾಗಿ ಹೊರಿಸುವ ಅಧಿಕಾರವಾಗಲಿ, ಬೇಕೆಂದವಳಿಂದ ಕಿತ್ತುಕೊಳ್ಳುವ ಅಧಿಕಾರವಾಗಲಿ ಅತ್ತೆಗೋ ಸರ್ಕಾರಕ್ಕೋ ಯಾರು ಕೊಟ್ಟರು?

ಮಂಡ್ಯದ ಆಸ್ಪತ್ರೆಗೆ ಇಬ್ಬರೂ ಹೋದೆವು. "ಯಜಮಾನ್ರು ಬಂದವ್ರಾ? ಸೈನ್ ಆಕ್ಬೇಕು," ಎಂದಳು ನರ್ಸು. ನಮ್ಮ ಕಡೆ ಇದೊಂದು ಅಭ್ಯಾಸ. ಸಿಕ್ಕಿತಲ್ಲ ಅವಕಾಶ! ವಯಸ್ಸಿಗೆ ಬಂದ ಹೆಂಗಸಿನ ಒಪ್ಪಿಗೆಯೇ ಕಾನೂನಿಗೆ ಸಾಕೆಂದು ಶುರುಮಾಡಿ, ನಾಗರಿಕ ಹಕ್ಕುಗಳ ಅರ್ಧ ಸೆಮಿಸ್ಟರನ್ನು ಅಲ್ಲೇ ಮುಗಿಸಿದೆ. ಅದೇ ಹುಮ್ಮಸ್ಸಿನಲ್ಲಿ, ಒಳಗೆ ಡಾಕ್ಟರಮ್ಮ ಸೌಮ್ಯಳನ್ನು ಏನು ಕೇಳಿದರೂ ಉತ್ತರ ನನ್ನ ಬಾಯಿಂದಲೇ: ಅವಳಿಗೆ ಬೇಡ, ಅವಳು ಚೆನ್ನಾಗಿ ಯೋಚಿಸಿದ್ದಾಳೆ, ಅವಳಿಗೇನೂ ಭಯವಿಲ್ಲ. ಕೊನೆಗೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಮೇಡಂ, ನೀವು ಸ್ವಲ್ಪ ಆಚೆ ಕೂತ್ಕೋತೀರಾ? ನಾನು ಅವರನ್ನೇ ಕೇಳ್ಬೇಕು," ಎಂದರು. ಪರರ ಬದು ಒತ್ತರಿಸಿ ಸಿಕ್ಕಿಬಿದ್ದವಳಂತೆ ಎದ್ದು ಬಂದೆ.

ಎಲ್ಲ ಮುಗಿದ ಮೇಲೆ ಸೌಮ್ಯ ಗೋಡೆಯತ್ತ ಮುಖ ಮಾಡಿ ಮಲಗಿ ಅತ್ತಳು. ದುಃಖಕ್ಕೋ ನೆಮ್ಮದಿಗೋ ಎಂದು ಕೇಳಹೊರಟವಳು ಅದನ್ನು ಬಿಟ್ಟು, ಅವಳ ಕಾಲೊತ್ತುತ್ತ ಕೂತೆ. ನನಗೂ ಅಳು ಬಂತು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಗಂಡನಿಂದ ಸುದ್ದಿ ತಲುಪಿರಬೇಕು, ಅತ್ತೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು: "ಏನಂತೆ ಕಣಮ್ಮಿ ಅದು, ಗಂಡಾ ಎಣ್ಣಾ? ಡಾಕ್ಟ್ರುನ ಕೇಳುದ್ರಾ?"

ಸೌಮ್ಯ ಕಣ್ಣೊರೆಸಿಕೊಂಡು ಎದ್ದು ಕೂತಳು.

"ಅದ್ನ ಯಾರೂ ಕೇಳ್ನಿಲ್ಲ ಕಣತ್ತೆ. ನಿಂಗೇನ್ ಬೇಕವ್ವ ಅಂತ ನನ್ನ ಕೇಳುದ್ರು. ಯೋಳ್ದೆ."