ಬಿಸಿ ಎಲ್ಲಿ ನಿಂತಿತು?

ಚಹದ ಲೋಟವನ್ನು ಅವರು ಬೆರಳ ತುದಿಯಿಂದ ಮುಟ್ಟುತ್ತಿರಲಿಲ್ಲ. ಬೆರಳು ಮಡಚಿ, ಗೆಣ್ಣಿನ ಬೆನ್ನನ್ನು ತಾಗಿಸಿ, ಕಣ್ಣು ಮುಚ್ಚಿ, ಏನೋ ಕೇಳಿಸಿಕೊಳ್ಳುವವರಂತೆ ಕೂರುತ್ತಿದ್ದರು. ನಾಶಿಕದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಬೀದರಿನ ಫಿಜಿಕ್ಸ್ ಮೇಡಂ. ಕಾಲೇಜಿನಲ್ಲಿ ಟೆಂಪರರಿ ಲೆಕ್ಚರರ್. ಆ ವರ್ಷ ಪಿಎಚ್‌ಡಿ ಮುಗಿದರೆ ಪರ್ಮನೆಂಟ್, ಇಲ್ಲವಾದರೆ ಕೆಲಸ ಬೇರೆಯವರಿಗೆ. ಅದಕ್ಕೇ ಪ್ರತಿ ಶನಿವಾರ ಎಸ್‌ಟಿ ಬಸ್ಸು ಹಿಡಿದು ಔರಂಗಾಬಾದಿನ ಲ್ಯಾಬಿಗೆ ಹೋಗುತ್ತಿದ್ದರು.

ನಾನು ಕಲಿತ ಕಾನ್ವೆಂಟಿನಲ್ಲಿ ಹುಡುಗಿಯರಿಗೆ ಸೈನ್ಸ್ ಬದಲು ನೀಡಲ್‌ವರ್ಕ್ ಇತ್ತು. ಕಸೂತಿ ಈಗಲೂ ಬರುತ್ತದೆ; ಬಿಸಿ ಅಂದರೇನು ಎಂದು ಮಾತ್ರ ಗೊತ್ತಿರಲಿಲ್ಲ. ಕೇಳಿದೆ.

"ಅಣುಗಳ ನಡುಕರಿ ಅಕ್ಕಾರ. ಒಂದು ನಡುಗಿದ್ರ ಬಾಜೂದ್ದೂ ನಡುಗತದ. ನಾ ಎರಡು ಥರದ ಸೆಮಿಕಂಡಕ್ಟರ್ ಪದರಿನ ಮ್ಯಾಲ ಪದರು ಕೂಡಸ್ತೀನಿ. ಕೂದಲಕಿಂತ ಸಾವಿರ ಪಟ್ಟು ತೆಳು."

"ಯಾಕೆ, ಮೈ ಡಿಯರ್?"

"ಪ್ರತಿ ಗಡಿಯೊಳಗ ನಡುಕ ಒಂದಿಷ್ಟು ಹೊಳ್ಳಿ ಹೋಗಬೇಕು, ಕರೆಂಟ್ ಮಾತ್ರ ದಾಟಬೇಕು. ಹಂಗಾತಂದ್ರ ಒಂದು ಬಾಜೂ ಬಿಸಿ, ಒಂದು ಬಾಜೂ ತಂಪು ಉಳದು ಕರೆಂಟ್ ಹುಟ್ಟತದ; ಇಲ್ಲೇ ಊರ ಬಾಜೂ ಅಂಬಡದ ಫ್ಯಾಕ್ಟರಿ ಚಿಮಣಿ ಬಿಸೀಲೇ ದೀಪ ಹಚ್ಚಬಹುದು!"

ಒಂದು ಶನಿವಾರ ನಾನೂ ಜೊತೆಗೆ ಹೋದೆ. ಅವರ ಸ್ಯಾಂಪಲ್ ಉಗುರಿನಷ್ಟು, ಕನ್ನಡಿ ಚೂರಿನ ಹಾಗೆ. ಅದರೊಳಗಿಂದ ಬಿಸಿ ನಂಬಲಾಗದಷ್ಟು ಕಡಿಮೆ ದಾಟಿತ್ತಂತೆ. ಗೈಡ್ ಸಾಹೇಬರು ಪೇಢೆ ತರಿಸಿ, "ಮ್ಯಾಡಮ್, ಪೇಪರ್ ಪಾಠವೂನ್ ಟಾಕಾ," ಕಳಿಸಿಬಿಡಿ ಎಂದು ಅವಸರ ಮಾಡುತ್ತಿದ್ದರು. ಮೇಡಂ ಪೇಢೆ ಮುಟ್ಟಲಿಲ್ಲ. ಸ್ಯಾಂಪಲನ್ನು ಕಾಯಿಸಿ, ಆರಿಸಿ, ಮತ್ತೆ ಕಾಯಿಸಿದರು. ಪ್ರತಿ ಸಲವೂ ಬಿಸಿ ಇನ್ನಷ್ಟು ಕಡಿಮೆ ದಾಟಿತು.

"ವೆರಿ ಗುಡ್ ಅಲ್ಲವೇ?" ಎಂದೆ.

"ಭಾಳ ಗುಡ್ ಆಗ್ಲಿಕತ್ತದ, ಅದೇ ಡೌಟ್‌ರಿ."

ಮೈಕ್ರೋಸ್ಕೋಪಿನಲ್ಲಿ ನೋಡಿ ನನ್ನನ್ನೂ ಕರೆದರು. ಹಳೇ ಗೋಡೆಯ ಸುಣ್ಣ ಹಕ್ಕಳೆ ಎದ್ದಂತೆ, ಪದರುಗಳ ಇಡೀ ಕಂತೆ ಅಂಚಿನಲ್ಲಿ ಕೆಳಗಿನ ಗಾಜು ಬಿಟ್ಟು ಎದ್ದಿತ್ತು. ಬಿಸಿಯನ್ನು ತಡೆದದ್ದು ಅವರ ಪದರುಗಳಲ್ಲ, ಸಂದಿನಲ್ಲಿ ಹೊಕ್ಕ ಗಾಳಿ.

"ಕೋಣ್ ಬಘಣಾರ್?" ಯಾರು ನೋಡುತ್ತಾರೆ ಎಂದರು ಗೈಡ್.

"ಮೀ ಬಘಿತಲಂ ನಾ, ಸರ್." ನಾನು ನೋಡಿದೆನಲ್ಲ.

ಪೇಪರ್ ಹೋಗಲಿಲ್ಲ. ಆ ವರ್ಷ ಪಿಎಚ್‌ಡಿ ಆಗಲಿಲ್ಲ, ಕೆಲಸ ಬೇರೆಯವರ ಪಾಲಾಯಿತು. ಹೊಸ ಸ್ಯಾಂಪಲಿನಲ್ಲಿ ಬಿಸಿ ತಗ್ಗಿದ್ದು ತುಸುವೇ. ಆದರೆ ಎಷ್ಟು ಸಲ ಕಾಯಿಸಿದರೂ ಅಷ್ಟೇ. "ಅಕ್ಕಾರ, ಅಲ್ಲೇ ನಿಂತದ ನೋಡ್ರಿ, ಹಟಮಾರಿ!" ಎಂದು ಮೆಟ್ಟಿಲಿನಿಂದಲೇ ಕೂಗಿದ್ದರು. ತಡವಾಗಿ ಡಿಗ್ರಿ ಪಡೆದು ಬೀದರಿನ ಹೈಸ್ಕೂಲೊಂದಕ್ಕೆ ಸೇರಿದರು.

ಅಲ್ಲಿಂದ ಭಾನುವಾರಗಳಂದು ಫೋನಿನಲ್ಲಿ ನನಗೆ ಪಾಠ. ಪ್ರಶ್ನೆ ಕೊಡುವರು, ಉತ್ತರ ಹೇಳುವವರಲ್ಲ. ಕೊನೆಯ ಪ್ರಶ್ನೆ ಹೀಗಿತ್ತು: "ಒಂದು ದಪ್ಪ ತಾಟು. ಒಂದರ ಮ್ಯಾಲೊಂದು ಎರಡು ತೆಳು ತಾಟು. ಕೆಳಗ ಬಿಸಿನೀರು, ಮ್ಯಾಲ ತುಪ್ಪ. ಎಲ್ಲಿ ಮೊದಲ ಕರಗತದ, ಮಾಡಿ ನೋಡ್ರಿ."

ಚಳಿಗೆ ತುಪ್ಪ ಕಲ್ಲಾಗಿತ್ತು. ಮಾಡಿದೆ. ದಪ್ಪ ತಾಟಿನದೇ ಮೊದಲು ಕರಗಿತು. ಯಾಕೋ ತೋಚಿ, ಜೋಡಿ ತಾಟನ್ನು ನಡುವಿನ ಸಂದು ಮುಚ್ಚುವಂತೆ ಲಟ್ಟಣಿಗೆಯಿಂದ ಒತ್ತಿ ಹಿಡಿದೆ. ಅದರ ತುಪ್ಪವೂ ಸರಸರನೆ ಕರಗತೊಡಗಿತು. ಇದನ್ನು ಅವರು ಕೇಳಿರಲಿಲ್ಲ, ನಾನೇ ಕಂಡುಕೊಂಡದ್ದು! ಭಾನುವಾರದವರೆಗೆ ಕಾಯಲಾರದೆ ಫೋನ್ ಮಾಡಿದೆ.

ಅವರ ತಮ್ಮ ಎತ್ತಿದರು. "ಅಕ್ಕ ನಿನ್ನಿ ಹೋದ್ಳರಿ. ಹಾರ್ಟ್..."

"ಒತ್ತಿ ಹಿಡಿದರೆ ಬೇಗ ಕರಗುತ್ತದೆ," ಎಂದು ಆ ತಮ್ಮನಿಗೇ ಹೇಳಿದೆ.