ಏಳನೇ ಪಾಠದ ಕೆಳಗಿನ ಸಹಿ

ಏಳನೇ ಪಾಠದ ದಿನ ಅವರು ಅತ್ತರು ಎನ್ನುವುದನ್ನು ನಾನೇ ಸೇರಿಸಿರಬೇಕು. ಚರ್ಚಿನ ಸಭೆಯಲ್ಲಿ ಎರಡು ಸಲ ಇದನ್ನು ಸಾಕ್ಷಿಯಾಗಿ ಹೇಳುವಾಗ ಕಣ್ಣೀರು ಬೇಕಾಗಿತ್ತು, ಹಾಕಿದೆ. ನಿಜಕ್ಕೂ ನೆನಪಿರುವುದು ಅವರ ಕೈಯಲ್ಲಿದ್ದ ಪುಸ್ತಕ ಮಾತ್ರ. ಶಿಷ್ಯತ್ವ ತರಬೇತಿ, ಹನ್ನೆರಡು ಪಾಠ, ಪ್ರತಿ ಪಾಠದ ಕೆಳಗೆ ಕಲಿಸುವವನ ಸಹಿಗೆ ಒಂದು ಗೆರೆ.

ಕಲಿಸುವವನು ನಾನು. ಅವರು ನನಗಿಂತ ಹತ್ತು ವರ್ಷ ದೊಡ್ಡವರು, ರಾಯಚೂರು ಕಡೆಯವರು, ಪೀಣ್ಯದ ಒಂದು ಶೆಡ್ಡಿನಲ್ಲಿ ಪ್ರೆಸ್ ಮೆಷಿನ್ ನಡೆಸುತ್ತಿದ್ದರು. ಹೊಸದಾಗಿ ನಂಬಿದವರೆಂದು ಪಾಸ್ಟರ್ ನನಗೆ ವಹಿಸಿದ್ದರು. ವಾರಕ್ಕೊಂದು ಪಾಠ, ರಾಜಗೋಪಾಲನಗರದ ನನ್ನ ರೂಮಿನಲ್ಲಿ. ಸಹಿಯ ಫೋಟೋ ವಾಟ್ಸಾಪ್ ಗ್ರೂಪಿಗೆ.

ಏಳನೇ ವಾರ ಅವರು ಪುಸ್ತಕ ಬಿಚ್ಚಲಿಲ್ಲ. ಪಕ್ಕದ ಮೆಷಿನ್ನಿನವನ ಮೂರು ಬೆರಳು ಹೋಗಿದ್ದವು. ಕೆಲಸ ಬೇಗ ಆಗಲೆಂದು ಸೂಪರ್‌ವೈಸರ್, ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸುವ ಸೆನ್ಸರನ್ನು ಆಫ್ ಮಾಡಿಸಿದ್ದ. ಸೆನ್ಸರ್ ಆನ್ ಇತ್ತು, ಬೆರಳು ಹೋದವನೇ ಅಜಾಗರೂಕತೆಯಿಂದ ಕೈ ಇಟ್ಟ ಎಂಬ ಕಾಗದಕ್ಕೆ ಇವರು ಸಹಿ ಹಾಕಿ ಬಂದಿದ್ದರು.

"ಮಾಲಕರ ಮುಂದ ಖರೆ ಹೇಳಬೇಕಂತ ಮಾಡೀನ್ರಿ ಬ್ರದರ್. ಒಬ್ಬಾವ ಹೋಗಾಕ ಧೈರ್ಯ ಸಾಲವಲ್ದು. ನೀವು ಕೂಡ ಬಂದು ಸುಮ್ನ ನಿಂತ್ರ ಸಾಕು."

"ಮೊದ್ಲು ಪಾಠ ಮುಗಿಸ್ಬಿಡೋಣ. ಆಮೇಲೆ ಅದಕ್ಕೋಸ್ಕರ ಪ್ರಾರ್ಥನೆ ಮಾಡೋಣ" ಅಂದೆ.

ಮುಗಿಸಿದೆವು. ಬಿಟ್ಟ ಸ್ಥಳಗಳನ್ನು ನಾನೇ ಹೇಳಿ ಬರೆಸಿದೆ. ಸಹಿ ಹಾಕಿದೆ. ಪಾಸ್ಟರ್ ಗ್ರೂಪಿನಲ್ಲಿ ಕೈಮುಗಿದ ಚಿತ್ರ ಹಾಕಿದರು. ಆ ಚಿತ್ರ ನೆನೆದರೆ ಈಗಲೂ ಫೋನನ್ನು ಗೋಡೆಗೆ ಎಸೆಯಬೇಕೆನಿಸುತ್ತದೆ. ಆದರೆ ಪಾಸ್ಟರನ್ನು, ಪುಸ್ತಕವನ್ನು ಬೈದು ತಪ್ಪಿಸಿಕೊಳ್ಳುವ ಹಾಗಿಲ್ಲ. ಏನು ಮಾಡಬೇಕೆಂದು ನನಗೆ ಗೊತ್ತಿತ್ತು.

ನನ್ನನ್ನು ವಿಶ್ವಾಸದಲ್ಲಿ ಬೆಳೆಸಿದ ಹಿರಿಯರ ಹತ್ತಿರ ಪುಸ್ತಕವೇ ಇರಲಿಲ್ಲ. ನಾನು ಕೆಲಸಕ್ಕಿದ್ದ ಫ್ಯಾಕ್ಟರಿಯಿಂದ ಒಂದು ಅಳತೆಯ ಉಪಕರಣ ಕದ್ದಿದ್ದೇನೆಂದು ನಾನು ಬಾಯಿಬಿಟ್ಟಾಗ ಅವರು ರಜೆ ಹಾಕಿ ಜೊತೆಗೆ ಬಂದರು, ಗೇಟಿನವರೆಗಲ್ಲ, ಮ್ಯಾನೇಜರ್ ಮೇಜಿನವರೆಗೆ. ಅಲ್ಲಿ ಒಂದು ಮಾತೂ ಆಡಲಿಲ್ಲ. ವಾಪಸು ಬರುವಾಗ ಹೇಳಿದ್ದು ಇಷ್ಟೇ: "ನಾಳೆ ನಿನ್ ಹತ್ರಾನೂ ಯಾರಾದ್ರೂ ಬರ್ತಾರೆ ಕಣಪ್ಪ. ಅವರ ಜೊತೆ ಹೋಗು." ಇದನ್ನು ನಾನು ಸೇರಿಸಿಲ್ಲ.

ಎಂಟನೇ ವಾರ ಅವರು ಬರಲಿಲ್ಲ. ಅವರ ರೂಮಿಗೆ ಹೋದರೆ ಬೀಗ. ಊರಿಗೆ ಹೋದರು ಎಂದರು ಮನೆ ಓನರ್. ಫೋನ್ ಸ್ವಿಚ್ ಆಫ್. ಆ ಶೆಡ್ಡಿನ ಗೇಟಿನ ಮುಂದೆ ಎರಡು ಸಲ ಹೋಗಿ ನಿಂತಿದ್ದೇನೆ, ಒಳಗೆ ಹೋಗಿಲ್ಲ. ಅವರು ಒಬ್ಬರೇ ಹೋಗಿ ನಿಜ ಹೇಳಿದರೋ, ಹೇಳದೆಯೇ ಊರಿನ ಬಸ್ಸು ಹತ್ತಿದರೋ, ನನಗೆ ಗೊತ್ತಿಲ್ಲ.