ತಾತ ಕಿತ್ತ ಕೆಂಪು ದಾರ

ಹೋದ ತಿಂಗಳು ತೀರಿಕೊಂಡ ನನ್ನ ತಾತ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಪ್ಯಾರಾಚೂಟ್ ಮಡಚಿದವರು. ಉದ್ದನೆಯ ಮೇಜು, ಅದರ ಮೇಲೆ ಬೆಳ್ಳಗೆ ಹರಡಿದ ನುಣುಪು ಬಟ್ಟೆ, ಇಪ್ಪತ್ತೆಂಟು ಹಗ್ಗ. ಮಡಚಿ, ಚೀಲಕ್ಕೆ ತುಂಬಿ, ಅದರ ಬಾಯಿಗೆ ಕೆಂಪು ದಾರದ ಮುದ್ರೆ ಹಾಕಿ, ಚೀಟಿಗೆ ಸಹಿ ಮಾಡಬೇಕು. ದಾರ ಹರಿದರೆ ಮುಗಿಯಿತು, ಪೂರ್ತಿ ಬಿಚ್ಚಿ ಮೊದಲಿನಿಂದ ಮಡಚಬೇಕು. ಮೇಲಿನವರು ಯಾವಾಗ ಹೇಳಿದರೂ ಮಡಚಿದವನು ಅದನ್ನೇ ಬೆನ್ನಿಗೆ ಕಟ್ಟಿಕೊಂಡು ಹಾರಬೇಕು. ತಾತ ಹದಿನೇಳು ಸಲ ಹಾರಿದ್ದರು. "ಕೈ ಮೇಲೆ ನಂಬಿಕೆ ಇತ್ತು, ಕಾಲೇ ನಡುಗ್ತಿತ್ತು" ಎಂದು ನಗುತ್ತಿದ್ದರು.

ನಿವೃತ್ತಿಯ ಮೇಲೂ ಊರಾಚೆಯ ತರಬೇತಿ ಮೈದಾನದಲ್ಲಿ ಅದೇ ಕೆಲಸ. ಮನೆಗೆ ಬಂದರೆ ಮೂವರು ಹೆಣ್ಣುಮಕ್ಕಳ ಜಡೆ ಹೆಣೆಯುವುದು ಅವರೇ. ಬಿಗಿಯಾಗಿ ಹೆಣೆದರೆ ಸಂಜೆಯವರೆಗೂ ಒಂದು ಕೂದಲು ಅಲುಗುತ್ತಿರಲಿಲ್ಲವಂತೆ.

ಕಿರಿಯವಳು ನನ್ನ ಚಿಕ್ಕಮ್ಮ. ಕಾಡ್ಗಿಚ್ಚು ಆರಿಸಲು ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಇಳಿಯುವ ತಂಡಕ್ಕೆ ಸೇರುವುದು ಅವಳ ಹಟ. ಕೊನೆಯ ಪರೀಕ್ಷೆ ಒಂದು ಜಿಗಿತ. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ. ಪರೀಕ್ಷೆಯ ದಿನ ಬೆಳಗಿನ ವಿಮಾನ ತಪ್ಪಿದರೆ ಆಸೆ ಕೈಬಿಡಬೇಕು. ಸ್ವಂತ ಮಗಳದ್ದು ನನ್ನಿಂದಾಗದು ಎಂದು ತಾತ ಅವಳ ಪ್ಯಾರಾಚೂಟನ್ನು ತಮ್ಮ ಶಿಷ್ಯನಿಂದ ಮಡಚಿಸಿದ್ದರು.

ಆ ದಿನ ಅಜ್ಜಿಯೂ ನಾನೂ ನೋಡಲು ಜೊತೆಗೆ ಹೋಗಿದ್ದೆವು. ವಿಮಾನ ಹೊರಡಲು ಐವತ್ತು ನಿಮಿಷವಿತ್ತು. ಶಿಷ್ಯ ರನ್‌ವೇ ಕಡೆ ಹೋಗಿದ್ದ. ತಾತ ಚೀಲವನ್ನು ಎರಡು ಸುತ್ತು ಬಂದರು. ಒಂದು ಮಗ್ಗುಲು ಕೊಂಚ ಉಬ್ಬಿದಂತೆ ಕಂಡಿತೋ ಏನೋ, ಬೆರಳು ತಾನಾಗಿ ಅತ್ತ ಹೋಯಿತು.

ಟಕ್! ಕೆಂಪು ದಾರ ಅವರ ಕೈಯಲ್ಲಿತ್ತು.

"ಅಪ್ಪಾ! ಏನ್ ಮಾಡ್ಬಿಟ್ರಿ!" ಚಿಕ್ಕಮ್ಮ ಕಿರುಚಿದಳು.

ತಾತ ಗರಬಡಿದವರಂತೆ ನಿಂತರು. ಮಡಚಲು ಇಬ್ಬರು ಬೇಕು, ಶಿಷ್ಯನನ್ನು ಹುಡುಕಿ ಕರೆತರಲು ಹೊತ್ತಿಲ್ಲ.

"ಬಾಯ್ ಬಿಟ್ಕೊಂಡ್ ನಿಂತ್ರೆ ಆಗುತ್ತಾ? ಹಾಸ್ರಿ ಮೇಜಿನ್ ಮೇಲೆ," ಎಂದು ಅಜ್ಜಿ ತೋಳು ಮೇಲೇರಿಸಿದರು.

"ನಿಂಗ್ ಬರುತ್ತೇನೇ?"

"ಮದುವೆ ಆದ ಹೊಸದ್ರಲ್ಲಿ ಸಿನಿಮಾಗ್ ಹೋಗೋಣ ಅಂದ್ರೆ, ಪರೀಕ್ಷೆ ಇದೆ ಅಂತ ಹಗ್ಗದ್ ತುದಿ ಹಿಡಿಸ್ತಿದ್ದೋರು ಯಾರು? ಎಳೀರಿ!"

ಎಳೆದರು. ಹಗ್ಗಗಳು ತಂತಿಯಂತೆ ಬಿಗಿದವು. ಪದರದ ಮೇಲೆ ಪದರ ಸರಸರನೆ ಕೂತಿತು. ಕಿರುಚಿದ್ದು ಕೇಳಿ ಬಂದ ಚಿಕ್ಕಮ್ಮನ ತರಬೇತುದಾರರು ಪಕ್ಕದಲ್ಲಿ ನಿಂತು ಪ್ರತಿ ಹಂತವನ್ನೂ ನೋಡಿ ತಲೆಯಾಡಿಸುತ್ತಿದ್ದರು. ಹೊರಗೆ ಎಂಜಿನ್ ಗುಡುಗತೊಡಗಿತು. ಇಬ್ಬರೂ ತಲೆ ಎತ್ತಲಿಲ್ಲ. ಎಂಟು ನಿಮಿಷ ಉಳಿದಿರುವಾಗ ತಾತ ಹೊಸ ಮುದ್ರೆ ಹಾಕಿ ಸಹಿ ಮಾಡಿದರು. ಚಿಕ್ಕಮ್ಮ ಚೀಲ ಬೆನ್ನಿಗೇರಿಸಿ ಒಂದೇ ಉಸಿರಿಗೆ ಓಡಿದಳು.

ವಿಮಾನ ಮೇಲೇರಿ, ತಿರುಗಿ, ಹೊರಗೆ ಬಂದು ನಿಂತ ನಮ್ಮ ನೆತ್ತಿಯ ಮೇಲೆ ಬಂತು. ಒಂದು ಕಪ್ಪು ಚುಕ್ಕೆ ಕಳಚಿ ಬಿತ್ತು. ತಾತ ಆಕಾಶಕ್ಕೆ ಬೆನ್ನು ತಿರುಗಿಸಿ ಗೋಡೆ ನೋಡುತ್ತ, ಪ್ಯಾರಾಚೂಟ್ ಬಿಚ್ಚುವವರೆಗಿನ ಸೆಕೆಂಡುಗಳನ್ನು ಹಾರುವವರ ರೂಢಿಯಂತೆ ಎಣಿಸುತ್ತಿದ್ದರು: "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು..."

"ಬಿಚ್ತು! ತಾತಾ, ಬಿಚ್ತು!" ನಾನು ಕುಣಿದೆ.

"ನಿಮ್ಮಜ್ಜಿ ಹೇಳ್ಲಿ," ಎಂದರು, ತಿರುಗದೆ.

ಅಜ್ಜಿ ಕಣ್ಣಿಗೆ ಕೈ ಮರೆಮಾಡಿ ನೋಡಿದರು. "ಚೆನ್ನಾಗ್ ಬಿಚ್ಚಿದೆ ಕಣ್ರೀ. ತಿರುಗ್ರಿ ಈ ಕಡೆ."

ತಿರುಗಿದವರು ನಿಲ್ಲಲೇ ಇಲ್ಲ. ಅರವತ್ತಾರರ ಮನುಷ್ಯ, ಕೈ ಮೇಲೆತ್ತಿ, ಮೈದಾನದ ನಟ್ಟನಡುವೆ ಓಡಿದರು. ಆಕಾಶದಿಂದ ಚಿಕ್ಕಮ್ಮನ ಕೂಗು ನಮಗೆಲ್ಲ ಕೇಳಿತು:

"ಅಪ್ಪಾ, ಪಕ್ಕಕ್ ಸರೀರಿ! ನಿಮ್ ತಲೆ ಮೇಲೇ ಇಳೀತೀನಿ!"